ನಿಂತಲ್ಲಿ ನಿಲ್ಲದ ಕಂದು ಕುದುರೆ

ಮಗಳ ಹೆಗಲ ಮೂಳೆ ಮುರಿದ ದಿನದಿಂದ ಕುದುರೆ ಮೇಷ್ಟ್ರು ಯಾರ ಜೊತೆಗೂ ನೆಟ್ಟಗೆ ಮಾತಾಡಿರಲಿಲ್ಲ. ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು ಇಟ್ಟುಕೊಂಡು ಓಡಾಡುವ ಮನುಷ್ಯ. ಈಗ ಅದು ಇಡೀ ಮುಖಕ್ಕೆ ಹರಡಿತ್ತು. ಚಹಾ ಬಿಸಿಯಾಗಿದ್ದರೆ ನಾಲಿಗೆ ಸುಟ್ಟಿತೆಂದು ಬೈಗುಳ, ಆರಿದ್ದರೆ ಆರಿತೆಂದು ಬೈಗುಳ. ಲಾಯದ ಬಾಗಿಲನ್ನು ದಿನಕ್ಕೆ ಹತ್ತು ಸಲ ದಡಾರನೆ ಬಡಿಯುತ್ತಿದ್ದರು. ಹೆದರದೆ ಮಾತಾಡುವವಳು ಹೆಂಡತಿ ಒಬ್ಬಳೇ.

"ಅಲ್ರೀ, ಮಗಳನ್ನ ಬೀಳಿಸಿದ್ದು ಕುದುರೆ. ಬಾಗಿಲು ಪಾಪ ನಿಂತಲ್ಲೇ ನಿಂತಿತ್ತು" ಎಂದಳು ಒಂದು ದಿನ. ಮೇಷ್ಟ್ರಿಗೆ ಮೈಯೆಲ್ಲ ಉರಿಯಿತು.

ಮಗಳ ಕೆಲಸ ಕಾಲುವೆ ಕಾಯುವುದು. ಇಕ್ಕಟ್ಟಾದ ಮಣ್ಣಿನ ದಂಡೆಯ ಮೇಲೆ ದಿನಾ ಹನ್ನೆರಡು ಮೈಲಿ ಕುದುರೆ ಸವಾರಿ. ಅಲ್ಲಲ್ಲಿ ನೀರಿನ ಮಟ್ಟ ತೋರಿಸುವ ಕಲ್ಲುಗಳಿವೆ; ಪ್ರತಿಯೊಂದರ ಮುಂದೂ ನಿಂತು, ಗೆರೆ ನೋಡಿ, ಪುಸ್ತಕದಲ್ಲಿ ಬರೆಯಬೇಕು. ದನ ನುಗ್ಗದಂತೆ ಹಾಕಿದ ಆರು ಕಬ್ಬಿಣದ ಗೇಟುಗಳನ್ನು ಕುದುರೆಯ ಮೇಲಿಂದಲೇ ಬಗ್ಗಿ ತೆಗೆದು ಮುಚ್ಚಬೇಕು. ಓಡುವ ಕುದುರೆ ಈ ಕೆಲಸಕ್ಕೆ ಯಾರಿಗೂ ಬೇಕಿಲ್ಲ, ನಿಲ್ಲುವ ಕುದುರೆ ಬೇಕು. ಈ ಕಂದು ಕುದುರೆಯೋ, ಹತ್ತುತ್ತಿದ್ದ ಅವಳ ಒಂದು ಕಾಲು ಜೀನಿನ ರಿಕಾಪಿನಲ್ಲಿ, ಇನ್ನೊಂದು ಗಾಳಿಯಲ್ಲಿ ಇದ್ದಾಗಲೇ ತನ್ನ ಪಾಡಿಗೆ ತಾನು ಹೊರಟುಬಿಟ್ಟಿತ್ತು. ಅವಳು ಗೇಟಿನ ಕಂಬದ ಮೇಲೆ ಬಿದ್ದಳು.

ಕಾಲುವೆ ಕಚೇರಿಯ ಮೇಲ್ವಿಚಾರಕ ಕಾಗದ ಕಳಿಸಿದ. ಎರಡು ತಿಂಗಳ ಗಡುವು. ಅಷ್ಟರಲ್ಲಿ ಅವನ ಕಣ್ಣೆದುರು, ಮೊದಲನೇ ಗೇಟಿನಲ್ಲಿ, ಅವಳು ಬರೆದು ಮುಗಿಸಿ ಗೇಟು ತೆಗೆಯುವವರೆಗೆ ಕುದುರೆ ನಿಲ್ಲಬೇಕು. ಇಲ್ಲವಾದರೆ ಕುದುರೆ ಮಾರಾಟಕ್ಕೆ, ಅವಳು ಉಗ್ರಾಣಕ್ಕೆ: ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು ಬೋಲ್ಟು, ಗ್ರೀಸು ಹಂಚುವ ಕೆಲಸ. ಕಾಗದ ಓದಿದ ಮಗಳು, ಅಲ್ಲಿ ಕೂತರೆ ತನಗೂ ತುಕ್ಕು ಹಿಡಿಯುತ್ತದೆ ಎಂದು ಹೇಳಿ ಗೋಡೆ ಕಡೆಗೆ ತಿರುಗಿ ಮಲಗಿದಳು. ಎರಡು ದಿನ ಸರಿಯಾಗಿ ಉಣ್ಣಲಿಲ್ಲ.

ಮೇಷ್ಟ್ರ ಹೊಟ್ಟೆಯ ಉರಿಗೆ ಬೇರೆಯೇ ಕಾರಣವೂ ಇತ್ತು. ಆ ಕುದುರೆಯನ್ನು ಪಳಗಿಸಿದವರು ಅವರೇ. ನಲವತ್ತು ವರ್ಷ ಈ ಕೆಲಸ ಮಾಡಿದವರು, ಯಾವ ಗುರುವೂ ಇಲ್ಲದೆ ಒದೆ ತಿಂದು ತಿಂದೇ ಕಲಿತವರು. ಅವರ ಮಾತು ಮೀರಿದ ಕುದುರೆಯನ್ನು ಯಾರೂ ಕಂಡಿಲ್ಲ ಎಂಬುದು ಸುತ್ತಮುತ್ತ ಎಲ್ಲರ ಬಾಯಲ್ಲಿ ಇದ್ದ ಮಾತು. ಹಾಗಾಗಿ ತಪ್ಪು ಮಗಳದ್ದೇ ಎಂದು ತೀರ್ಮಾನವಾಯಿತು. ಅವಳ ಕೈ ಸಡಿಲ, ಕುದುರೆಯನ್ನು ತಲೆಯ ಮೇಲೆ ಕೂರಿಸಿಕೊಂಡಿದ್ದಾಳೆ, ಇತ್ಯಾದಿ. ಹೇಗೆಂದು ತೋರಿಸುತ್ತೇನೆ ಬಾ ಎಂದು, ಕೈಗೆ ಬಟ್ಟೆಯ ಜೋಲಿ ಕಟ್ಟಿಕೊಂಡಿದ್ದ ಅವಳನ್ನು ಬೇಲಿ ಹತ್ತಿರ ಕೂರಿಸಿ ತಾವೇ ಜೀನು ಏರಿದರು.

ನಿಲ್ಲು ಎಂದರು, ನಿಂತಿತು. ಸ್ವಲ್ಪ ಹೊತ್ತಾದ ಮೇಲೆ ನಾಲಿಗೆಯನ್ನು ಅಂಗುಳಕ್ಕೆ ಹಚ್ಚಿ ಟಕ್ ಎನ್ನಿಸಿದರು, ಹೊರಟಿತು. ಮತ್ತೆ ನಿಲ್ಲು, ಮತ್ತೆ ಟಕ್. ಮೂರು ದಿನ ಇದೇ ನಡೆಯಿತು. ಮಗಳು ರೆಪ್ಪೆ ಮಿಟುಕಿಸದೆ ನೋಡಿದಳು. ನಾಲ್ಕನೇ ದಿನ ಬಾಯಿ ಬಿಟ್ಟಳು.

"ಅಪ್ಪ, ನೀನು ಟಕ್ ಅನ್ನೋಕೆ ಮುಂಚೆ ಅದರ ಎಡಗಿವಿ ಹಿಂದಕ್ಕೆ ಹೋಗುತ್ತೆ. ಮೈಭಾರ ಮುಂದಕ್ಕೆ ಬರುತ್ತೆ. ಆಮೇಲೆ ನೀನು ಟಕ್ ಅಂತೀಯ. ಅದು ಹೊರಡೋಕೆ ಮನಸ್ಸು ಮಾಡಿದ ಮೇಲೆ ನೀನು ಅಪ್ಪಣೆ ಕೊಡೋದು."

"ಏನಂದೆ?"

"ಅದು ನಿನ್ನ ಮಾತು ಕೇಳ್ತಿಲ್ಲ. ನೀನೇ ಅದರ ಮಾತು ಕೇಳ್ತಿದೀಯ."

ಮೇಷ್ಟ್ರು ಕುದುರೆಯಿಂದ ಇಳಿದು, ಲಗಾಮನ್ನು ಬೇಲಿಗೆ ಬಿಗಿದು, ಲಾಯದೊಳಗೆ ಹೋಗಿ ನೀರಿನ ಬಕೆಟ್ಟನ್ನು ಒದ್ದರು. ಮೊಳಕಾಲಿನಷ್ಟು ಬೆಳೆದಾಗಿನಿಂದ ಕುದುರೆಯ ಬಾಲ ಹಿಡಿದು ನಡೆದ ಹುಡುಗಿ ತಮಗೇ ಪಾಠ ಹೇಳುತ್ತಾಳೆ. ಹುಲ್ಲಿನ ಮೂಟೆಯ ಮೇಲೆ ಕೂತು ಹಲ್ಲು ಕಡಿದರು. ಕಡಿಯುತ್ತ ಕಡಿಯುತ್ತ, ತಾವು ಪಳಗಿಸಿದ ಒಂದೊಂದು ಕುದುರೆಯೂ ನೆನಪಿಗೆ ಬಂತು. ಬಿಳಿಯದು, ಚುಕ್ಕೆಯದು, ಕುಂಟುತ್ತಿದ್ದದ್ದು. ಒಂದಾದರೂ ತನ್ನಷ್ಟಕ್ಕೆ ಹೊರಡುವುದನ್ನು ಜನ ನೋಡಲು ಅವರು ಬಿಟ್ಟಿದ್ದುಂಟೆ? ಮರ್ಯಾದೆ ಹೋದೀತೆಂದು, ಅದು ಹೊರಡುವ ಅರೆಗಳಿಗೆ ಮುಂಚೆ ತಾವೇ ಹೊರಡಿಸಿಬಿಡುತ್ತಿದ್ದರು. ತಾವು ಹಾಗೆ ಮಾಡುತ್ತಿದ್ದದ್ದು ಅವರಿಗೇ ಗೊತ್ತಿರಲಿಲ್ಲ, ತೊಡೆಗೂ ನಾಲಿಗೆಗೂ ಗೊತ್ತಿತ್ತು. ಕುದುರೆ ಕಲಿತದ್ದು ಇಷ್ಟೇ: ಚಡಪಡಿಸಿದರೆ ಹೊರಡಬಹುದು. ಕುದುರೆಯ ಮನಸ್ಸನ್ನು ಅಷ್ಟು ಬೇಗ ಓದಲು ಬಾರದ ಮಗಳು ಅದಕ್ಕೆ ಬೆಲೆ ತೆತ್ತಳು.

ಆ ದಿನ ಅವರು ತಮ್ಮ ಮೇಲೆಯೇ ಸಿಟ್ಟಾದರು. ಬೇರೆಯವರ ಮೇಲಿನ ಸಿಟ್ಟಿಗಿಂತ ಅದು ಗಟ್ಟಿಯಾಗಿತ್ತು.

ಮರುದಿನ ಬೆಳಿಗ್ಗೆ ಕುದುರೆಯನ್ನು ಜನ ಓಡಾಡುವ ಸೇತುವೆ ಪಕ್ಕಕ್ಕೇ ಒಯ್ದು ನಿಲ್ಲಿಸಿದರು. ಎಡಗಿವಿ ಹಿಂದಕ್ಕೆ ಹೋಯಿತು. ಮೇಷ್ಟ್ರು ಬಾಯಿ ಬಿಡಲಿಲ್ಲ. ಕುದುರೆ ಹೊರಟೇಬಿಟ್ಟಿತು. ತಿರುಗಿಸಿ ಅದೇ ಜಾಗಕ್ಕೆ ತಂದು, ಲಗಾಮು ಸಡಿಲ ಬಿಟ್ಟು ಕೂತರು. ಮತ್ತೆ ಹೊರಟಿತು, ಮತ್ತೆ ತಂದರು. ಅದು ಮುಂಗಾಲಿನಿಂದ ನೆಲ ಕೆರೆಯತೊಡಗಿತು. ಸೇತುವೆಯ ಕಟ್ಟೆ ಮೇಲೆ ಜನ ಸೇರಿದರು. ಲಾಳ ಕಟ್ಟುವವನು ಅಲ್ಲಿಂದಲೇ ಕೂಗಿದ: "ಏನ್ ಮೇಷ್ಟ್ರೇ, ಉಳುಮೆ ಶುರು ಮಾಡಿದಿರಾ? ಬಿತ್ತನೆ ಯಾವಾಗ?"

ಮೇಷ್ಟ್ರ ತೊಡೆ ಬಿಗಿಯಿತು. ಬಿಗಿದದ್ದೇ ತಡ, ಕುದುರೆ ಮುಂದಕ್ಕೆ ಜಿಗಿಯಿತು. ಸಿಟ್ಟು ತೊಡೆಯಿಂದ ನೇರ ಅದರ ಬೆನ್ನಿಗೆ ಇಳಿಯುತ್ತಿದೆ ಎಂದು ಆಗ ತಿಳಿಯಿತು. ಸಿಟ್ಟನ್ನು ಬಿಡುವುದಂತೂ ಅವರಿಂದ ಆಗದ ಮಾತು. ಹಾಗಾಗಿ ತೊಡೆ ಸಡಿಲ ಬಿಟ್ಟು, ಸಿಟ್ಟನ್ನೆಲ್ಲ ಬಾಯಿಗೆ ತಂದುಕೊಂಡು, ತೊಟ್ಟಿಲು ತೂಗುವ ದನಿಯಲ್ಲಿ ಮೆಲ್ಲಗೆ ಬೈಯತೊಡಗಿದರು. ಲಾಳದವನನ್ನು, ಅವನ ಹಲ್ಲನ್ನು, ಮೇಲ್ವಿಚಾರಕನನ್ನು, ಅವನ ಕಾಗದವನ್ನು, ಇಪ್ಪತ್ತು ವರ್ಷದ ಹಿಂದೆ ಜಗಳವಾಡಿದ ಭಾವಮೈದುನನನ್ನು. ಕುದುರೆಗೆ ಅರ್ಥ ಬೇಕಿರಲಿಲ್ಲ, ದನಿ ಸಾಕಾಗಿತ್ತು. ಮುಕ್ಕಾಲು ಗಂಟೆಯ ಮೇಲೆ ಅದು ದೀರ್ಘವಾಗಿ ಉಸಿರುಬಿಟ್ಟು, ತಲೆ ತಗ್ಗಿಸಿ, ಒಂದು ಹಿಂಗಾಲಿನ ಭಾರ ಇಳಿಸಿತು. ಆ ಕ್ಷಣವೇ ಟಕ್ ಎಂದರು. ಹೊರಡುವ ಅಪ್ಪಣೆ ಸಿಗುವುದು ನಿರಾಳವಾಗಿ ನಿಂತಾಗ ಮಾತ್ರ ಎಂದು ಅದಕ್ಕೆ ಗೊತ್ತಾಗಬೇಕಿತ್ತು.

ಎರಡನೇ ದಿನ ಅದು ನಿರಾಳವಾಗಲು ಹಿಡಿದದ್ದು ಅರ್ಧ ಗಂಟೆ. ವಾರದ ಮೇಲೆ ಹತ್ತು ನಿಮಿಷ. ಆಮೇಲೆ ಬೇರೆ ಬೇರೆ ಕಡೆ ನಿಲ್ಲಿಸಿದರು: ಕಲ್ಲಿನ ಮುಂದೆ, ಲಾರಿ ಹೋಗುವ ರಸ್ತೆಯ ಬದಿ, ಎಲ್ಲಕ್ಕಿಂತ ಕಷ್ಟದ್ದು ಲಾಯ ಕಣ್ಣಿಗೆ ಬೀಳುವ ತಿರುವಿನಲ್ಲಿ. ಬೈಗುಳದ ಸರಕು ಮುಗಿದು, ಹಳೆಯದನ್ನೇ ಮತ್ತೆ ಮೊದಲಿಂದ ಬೈದರು. ಜೋಲಿ ಬಿಚ್ಚಿದ ಮೇಲೆ ಮಗಳೇ ಹತ್ತಿದಳು. ಅವಳು ಬೈಯಲಿಲ್ಲ, ನೀರಿನ ಮಟ್ಟದ ಅಂಕಿಗಳನ್ನು ಅದೇ ದನಿಯಲ್ಲಿ ಹೇಳಿಕೊಂಡಳು. ಅದಕ್ಕೂ ಕುದುರೆ ನಿಂತಿತು.

ಗಡುವಿನ ದಿನ ಮೇಲ್ವಿಚಾರಕ ಛತ್ರಿ ಹಿಡಿದು ಗೇಟಿನ ಹತ್ತಿರ ಬಂದ. ಮಗಳು ಕಲ್ಲಿನ ಮುಂದೆ ಕುದುರೆ ನಿಲ್ಲಿಸಿ ಪುಸ್ತಕ ತೆಗೆದಳು. ಎಡಗಿವಿ ಹಿಂದಕ್ಕೆ ಹೋಯಿತು. ದಂಡೆಯಲ್ಲಿ ನಿಂತಿದ್ದ ಮೇಷ್ಟ್ರ ನಾಲಿಗೆ ತಾನಾಗಿ ಅಂಗುಳಕ್ಕೆ ಏರಿತು. ಕಚ್ಚಿ ಹಿಡಿದರು, ರಕ್ತದ ರುಚಿ ಬಂತು. ಕುದುರೆ ಒಂದು ಸಲ ನೆಲ ಕೆರೆಯಿತು. ಇನ್ನೊಂದು ಸಲ ಕೆರೆಯಿತು.

"ಕೆರೀತಿದೆಯಲ್ಲ" ಎಂದ ಮೇಲ್ವಿಚಾರಕ.

"ಕೆರೀಲಿ. ಕೆರೀಬಾರದು ಅಂತ ನಿಮ್ಮ ಕಾಗದದಲ್ಲಿ ಇರಲಿಲ್ಲ" ಎಂದರು ಮೇಷ್ಟ್ರು.

ಮಗಳು ಲಗಾಮು ಎಳೆಯಲಿಲ್ಲ. ಅಂಕಿ ಗುನುಗುತ್ತ ಬರೆದಳು. ಕುದುರೆ ಹಿಂಗಾಲು ಸಡಿಲ ಮಾಡಿತು. ಅವಳು ಪುಸ್ತಕ ಒಳಗಿಟ್ಟು ಗೇಟಿಗೆ ಬಂದು ಬಗ್ಗಿದಳು. ಚಿಲಕ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಮೇಲ್ವಿಚಾರಕ ಸಹಾಯಕ್ಕೆಂದು ಹೆಜ್ಜೆ ಮುಂದಿಟ್ಟ. ಮೇಷ್ಟ್ರು ಅವನ ಎದೆಗೆ ಅಡ್ಡವಾಗಿ ಕೈ ಚಾಚಿದರು. ಅವಳು ಚಿಲಕವನ್ನು ನಾಲ್ಕು ಸಲ ಗುದ್ದಿದಳು. ಕಬ್ಬಿಣ ಕಿರುಚಿತು, ಕುದುರೆ ಕದಲಲಿಲ್ಲ. ಗೇಟು ತೆರೆದು, ದಾಟಿ, ಮುಚ್ಚಿ, ಹಿಂತಿರುಗಿ ನೋಡದೆ ಎರಡನೇ ಗೇಟಿನ ಕಡೆಗೆ ಹೊರಟಳು.

ಚೆನ್ನಾಗಿ ಕಲಿಸಿದ್ದೀರಿ ಎಂದು ಮೇಲ್ವಿಚಾರಕ ಪೆನ್ನು ತೆಗೆದ. ಮೇಷ್ಟ್ರ ಮುಖ ಕೆಂಪಾಯಿತು.

"ನಾನು ಕಲಿಸಿದ್ದು ಹಾಳು ಚಾಳಿ. ಅದನ್ನ ಕಂಡುಹಿಡಿದವಳು ಅಗೋ ಹೋಗ್ತಿದಾಳೆ. ಹಾಗಂತ ಬರ್ಕೊಳ್ಳಿ" ಎಂದರು. ಅವನ ಪೆನ್ನು ಇನ್ನೂ ಕಾಗದಕ್ಕೆ ತಾಗದ್ದನ್ನು ಕಂಡು ದನಿ ಏರಿಸಿದರು. "ಬೇಗ ಬರ್ಕೊಳ್ರೀ. ಇನ್ನೊಂದು ಸಲ ಹೇಳಲ್ಲ ನಾನು."