ಹುಲಿಗುಡ್ಡದ ಕಮಾನು ಮತ್ತು ಬಾಷುಮಿಯಾ ಅವರು

ಹೊಸ ಗೋಡೆ ಕಟ್ಟಿ ಹೆಸರಾದ ಗೌಂಡಿಗಳು ಯಾದಗಿರಿ, ಶಹಾಪುರ, ಸುರಪುರ ಸೀಮೆಯಲ್ಲಿ ಹಲವರಿದ್ದಾರೆ. ಆದರೆ ಹಿಂದಿನವರು ಕಟ್ಟಿ ಹೋದ ಗೋಡೆಯನ್ನು, ತಮ್ಮ ಕೈಯಾಡಿದ ಗುರುತೇ ಕಾಣದಂತೆ ಮತ್ತೆ ಎಬ್ಬಿಸಿ ನಿಲ್ಲಿಸಬಲ್ಲ ಗಚ್ಚುಗಾರರು ಯಾರೆಂದು ಕೇಳಿದರೆ, ಹುಲಿಗುಡ್ಡದ ಕೋಟೆಯ ಮಾನ್ಯ ಬಾಷುಮಿಯಾ ಅವರ ಹೆಸರೊಂದೇ ಬಾಯಿಗೆ ಬರುತ್ತದೆ. ಸುಣ್ಣ, ಮರಳು, ಬೆಲ್ಲದ ನೀರುಗಳ ನಡುವೆ ಮೂವತ್ತಮೂರು ವರ್ಷ ಸವೆದು ಅವರು ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ಓದು ಬಲ್ಲ ಮಹನೀಯರು ಈ ಸನ್ಮಾನ ಸಂಪುಟದಲ್ಲಿ ಅವರ ಗುಣಗಾನ ಮಾಡಿದ್ದಾರೆ. ನಾಲ್ಕನೆಯ ಜಮಾತಿಗೇ ಶಾಲೆ ಬಿಟ್ಟು ಅವರ ಕೈಕೆಳಗೆ ಸುಣ್ಣ ಕಲಸಿದ ನಮ್ಮಂಥವರ ಮಾತೂ ಒಂದಿರಲಿ.

ಬಾಷುಮಿಯಾ ಅವರು ಇಪ್ಪತ್ತೆರಡರ ಪ್ರಾಯದಲ್ಲಿ ಗಚ್ಚು ಅರೆಯುವ ಗಾಣದ ಎತ್ತು ಹೊಡೆಯಲು ಸೇರಿದರು. ಹತ್ತು ವರ್ಷದಲ್ಲಿ ಕೋಟೆಯ ಮುಖ್ಯ ಗೌಂಡಿಯಾದರು. ನೋಡಲು ಬಂದವರನ್ನು ಕರೆದೊಯ್ದು ತೋರಿಸುವ ಕೆಲಸವೂ ಅವರ ಕೊರಳಿಗೇ ಬಿತ್ತು. ಅವರು ಇಸವಿ ಹೇಳಿದವರಲ್ಲ. "ಗ್ವಾಡಿ ಮ್ಯಾಲ ಕೈ ಇಡ್ರಿ," ಎನ್ನುತ್ತಿದ್ದರು. "ಸುಣ್ಣಿಲ್ಲದ ಕಲ್ಲಿಗೆ ಕಲ್ಲು ಕೂತದಲ್ರಿ, ಇದು ಮೊದಲಿನವರದು. ಇಲ್ಲಿಂದ ಗಚ್ಚು ಬಂತು, ಇದು ಬಾದಶಹರದು. ಈ ಬುರುಜು ಸುರಪುರದ ನಾಯಕರದು, ಗಡಿಬಿಡ್ಯಾಗ ಕಟ್ಯಾರ, ದಂಡು ಬೆನ್ನ ಹತ್ತಿತ್ತು ಕಾಣತದ." ಕೋಟೆಯ ಆರುನೂರು ವರ್ಷ ಹೀಗೆ ಅಂಗೈಗೆ ಹತ್ತುತ್ತಿತ್ತು. ಸುಣ್ಣದ ಗಾಣದಲ್ಲಿ ದುಡಿಯುತ್ತಿದ್ದ ಸುಗಲಮ್ಮನಿಗೆ ಹೆರಿಗೆಯ ನೋವು ಗುಡ್ಡದ ಮೇಲೇ ಬಂದಾಗ, ನೋಡಲು ಬಂದಿದ್ದ ದೊಡ್ಡ ಸಾಹೇಬರನ್ನು ಬುರುಜಿನಲ್ಲೇ ನಿಲ್ಲಿಸಿ, ಅವರ ಮೇಣೆಯಲ್ಲಿ ಆಕೆಯನ್ನು ಕೆಳಗಿಳಿಸಿದವರು ಅವರು. ಸಾಹೇಬರು ನಡೆದೇ ಇಳಿದರು.

ಇನ್ನು ನಲವತ್ತೆಂಟನೆಯ ಇಸವಿಯ ಮಾತು. ಇದನ್ನು ಬರೆಯದೆ ಉಳಿದದ್ದನ್ನೆಲ್ಲ ಬರೆದರೆ ಅದು ಹಾರ ಹಾಕಿ ಬಾಯಿ ಮುಚ್ಚಿಸಿದ ಹಾಗೆ.

ಎರಡನೆಯ ಬಾಗಿಲಲ್ಲಿ ಒಂದು ಹಳಗನ್ನಡದ ಶಾಸನವಿತ್ತು. ರಜಾಕಾರರ ಹಾವಳಿಯ ಆ ಬೇಸಿಗೆಯಲ್ಲಿ ಅದನ್ನು ಯಾರಾದರೂ ಒಡೆದಾರೆಂಬ ಸುದ್ದಿ ಹಬ್ಬಿತು. ಬಾಷುಮಿಯಾ ಅವರು ದುರಸ್ತಿಯ ನೆಪ ಹೇಳಿ, ಒಂದು ಹಗಲು ಒಬ್ಬರೇ ದುಡಿದು, ಕಲ್ಲನ್ನು ಕಿತ್ತು ಅದೇ ಬಾಗಿಲ ಗೋಡೆಯಲ್ಲಿ ಅಕ್ಷರದ ಮುಖ ಒಳಗೆ ಮಾಡಿ ಹೂತರು. ಅಲ್ಲಿಯೇ ತಪ್ಪಾದದ್ದು. ಬಚ್ಚಿಡುವ ಕಲ್ಲನ್ನು ಗೋಡೆಯ ಹೊಟ್ಟೆಗೆ ಹಾಕುವ ತುಂಬುಗಲ್ಲಿನ ರಾಶಿಯಲ್ಲಿ ಸೇರಿಸಿದ್ದರೆ ಆಗುತ್ತಿತ್ತು. ಅಷ್ಟು ಗಟ್ಟಿಯಾದ, ನಾಲ್ಕು ಮೂಲೆ ನೆಟ್ಟಗಿರುವ ಕಲ್ಲನ್ನು ಕೆಲಸವಿಲ್ಲದೆ ಕೂರಿಸಲು ಗೌಂಡಿಯ ಕೈ ಒಪ್ಪಲಿಲ್ಲ. ಶಿಥಿಲವಾಗಿದ್ದ ಕಮಾನಿನ ಬುಡಕ್ಕೆ, ಭಾರ ಹೊರುವ ಪಾದಗಲ್ಲಾಗಿ ಇಟ್ಟುಬಿಟ್ಟರು.

ಸೆಪ್ಟೆಂಬರಿನಲ್ಲಿ ದಂಡು ಬಂತು, ರಾಜ್ಯ ಬದಲಾಯಿತು. ಅಂಜಿಸುತ್ತಿದ್ದವರು ಓಡಿಹೋದರು, ಅಂಜಿಕೆ ಮಾತ್ರ ಓಣಿ ಬದಲಿಸಿತು. ಕೊಂಕಲ್ ಊರಿಗೆ ಹೋದ ಬಾಷುಮಿಯಾ ಅವರ ಅಣ್ಣ ತಿರುಗಿ ಬರಲಿಲ್ಲ, ಇಂದಿಗೂ ಸುದ್ದಿಯಿಲ್ಲ. ಇವರು ಮೂರು ವಾರ ಗುಡ್ಡ ಇಳಿಯಲಿಲ್ಲ. ಮೆಟ್ಟಿಲ ಮೇಲೆ ಕುರಿಯ ಕಾಲಸಪ್ಪಳವಾದರೂ ಕೈಯ ಕರಣೆ ತಾನೇ ಕೆಳಗೆ ಬೀಳುತ್ತಿತ್ತಂತೆ.

ನಾಲ್ಕನೆಯ ವಾರ ಬಂದದ್ದು ಕುರಿಗಳಲ್ಲ. ನಲವತ್ತು ಮಂದಿ, ಕೆಲವರ ಕೈಯಲ್ಲಿ ಬಡಿಗೆ, ಕೆಲವರ ಕೈಯಲ್ಲಿ ಕಲ್ಲು. ಮುಂದೆ ಶಹಾಪುರದ ಕಿರಾಣಿ ವ್ಯಾಪಾರಿ ಬಸವಂತ್ರಾಯರು. ಶಾಸನವಿದ್ದ ಗೂಡು ಬರಿದಾಗಿದ್ದುದನ್ನು ಕಂಡು ಅವರು ಕೇಳಿದರು, "ಏನೋ ಬಾಷು, ನಮ್ಮ ಕಲ್ಲ ಎಲ್ಲದ?"

"ಇಲ್ಲೇ ಅದ್ರಿ ಸಾವುಕಾರ್ರ."

"ಇಲ್ಲೇ ಅಂದ್ರ ಎಲ್ಲಿ? ನುಂಗೀಯೇನು?" ಎಂದು ಹಿಂದಿನಿಂದ ಒಬ್ಬ ಕೂಗಿದ. ನಾಲ್ಕು ಮಂದಿ ನಕ್ಕರು. ಬಾಷುಮಿಯಾ ಅವರು ಕಮಾನಿನ ಬುಡಕ್ಕೆ ಕೈ ತೋರಿಸಿದರು.

"ಗ್ವಾಡ್ಯಾಗ ಅದ್ರಿ. ಮಾರಿ ಒಳಗ ಮಾಡಿ ಇಟ್ಟೀನಿ, ಒಡೀತಾರಂತ."

"ಹಂಗಾದ್ರ ತಗದು ತೋರ್ಸು."

"ತಗದ್ರ ಕಮಾನು ಬೀಳತದ್ರಿ."

"ಬಿದ್ರ ನಿನ್ನ ಮ್ಯಾಲ ಬೀಳತದ, ತಗಿ! ಸುಳ್ಳ ಹೇಳಿದ್ರ ನಾವು ಕೆಡವತೀವಿ, ನಿನ್ನೂ ಕಮಾನೂ ಕೂಡೇ."

ಕಲ್ಲು ತೋರಿಸದಿದ್ದರೆ ಜೀವ ಹೋಗುತ್ತದೆ. ತೋರಿಸಲು ಕಿತ್ತರೆ ಕಮಾನು ಹೋಗುತ್ತದೆ, ಅದರ ಕೆಳಗೆ ಜೀವವೂ. ಅವರು ಉಳಿ, ಸುತ್ತಿಗೆ ಎತ್ತಿಕೊಂಡು ಗೋಡೆಯ ಹಿಂದಿನ ಕಾವಲು ಕೋಣೆಗೆ ಹೋದರು. "ಪೂರಾ ಕೀಳಂಗಿಲ್ರಿ. ಒಂದು ಕೈ ಹಿಡಿಯೋವಷ್ಟು ತೂತು ಕೊರೀತೀನಿ. ಮುಟ್ಟಿ ನೋಡ್ರಿ."

ತುಂಬುಗಲ್ಲು ಸಡಿಲಾದರೆ ಪಾದಗಲ್ಲು ಹಿಂದಕ್ಕೆ ಜಾರಬಹುದಿತ್ತು. ಒಂದು ಏಟು ಹಾಕುವರು, ಗೋಡೆಗೆ ಕಿವಿಯಿಟ್ಟು ಕೇಳುವರು, ಮತ್ತೊಂದು ಹಾಕುವರು. ತಾವೇ ಬೆಲ್ಲ ಬೆರೆಸಿ ಅರೆದ ಗಚ್ಚು ಕಲ್ಲಿಗಿಂತ ಗಟ್ಟಿಯಾಗಿ ಕೂತಿತ್ತು. ಒಮ್ಮೆ ಮೇಲಿನಿಂದ ಹಿಡಿ ಮಣ್ಣು ಉದುರಿತು. ನಲವತ್ತು ಮಂದಿಯೂ ಹೊರಗೆ ಓಡಿದರು. ಅವರೊಬ್ಬರೇ ಒಳಗೆ ಉಳಿದರು. ಓಡಿದರೆ ಓಡಿಹೋದನೆಂದಾರೆಂಬ ಅಂಜಿಕೆಗೆ. ಮಧ್ಯಾಹ್ನ ತಿರುಗುವ ಹೊತ್ತಿಗೆ ಉಳಿ ಟೊಳ್ಳು ದನಿ ಮಾಡಿತು, ಅಕ್ಷರದ ಮುಂದೆ ಬಿಟ್ಟಿದ್ದ ಸಂದು ಸಿಕ್ಕಿತು.

"ಬರ್ರಿ, ಕೈ ಹಾಕ್ರಿ," ಎಂದರು. ಮಂದಿ ಒಬ್ಬರ ಮುಖ ಒಬ್ಬರು ನೋಡಿದರು. ಕತ್ತಲ ತೂತಿನಲ್ಲಿ ಚೇಳಿದ್ದೀತು, ಕಮಾನು ಈಗಲೇ ಕುಸಿದೀತು. ಬೆಳಿಗ್ಗೆಯಿಂದ ಕೂಗಿದವರಲ್ಲಿ ಒಬ್ಬರೂ ಮುಂದೆ ಬರಲಿಲ್ಲ.

ಕಡೆಗೆ ಬಸವಂತ್ರಾಯರೇ ಅಂಗಿಯ ತೋಳು ಮಡಿಸಿ, ಕಣ್ಣು ಮುಚ್ಚಿ, ಮೊಣಕೈವರೆಗೆ ಕೈ ಹಾಕಿದರು. ಬಹಳ ಹೊತ್ತು ತಡವಿದರು. ಅವರ ಹಣೆಯ ಬೆವರು ವಿಭೂತಿಯ ಮೇಲೆ ಇಳಿಯಿತು.

"ಅಕ್ಷರ ಅದಾವ," ಎಂದರು. "ಸಾಲಿಗೆ ಸಾಲು ಅದಾವ. ಒಂದೂ ಮುಕ್ಕಾಗಿಲ್ಲ." ಮತ್ತೆ ಮಂದಿಯ ಕಡೆ ತಿರುಗಿ, "ಕೈಯಾಗಿಂದ ಕಲ್ಲ ಒಗೀರೋ, ನೋಡಾಕ ನಾಚಿಕಿ ಬರತದ," ಎಂದರು.

ಕಲ್ಲುಗಳು ಬಿದ್ದ ಸಪ್ಪಳ ಕೇಳಿ ಬಾಷುಮಿಯಾ ಅವರು ಕಮಾನೇ ಬಿತ್ತೆಂದು ತಲೆಯ ಮೇಲೆ ಕೈ ಹೊತ್ತು ಕುಳಿತುಬಿಟ್ಟರಂತೆ.

ಐವತ್ತೊಂದರಿಂದ ನಾಲ್ಕು ವರ್ಷ ಕೋಟೆಯ ಜೀರ್ಣೋದ್ಧಾರ ನಡೆಯಿತು. ಶಾಸನವನ್ನು ಹೊರತೆಗೆಯಬೇಕೆಂದು ಬಂದ ಇಂಜಿನಿಯರರು ಕಮಾನು ನೋಡಿ, ಅದು ಇದ್ದಲ್ಲೇ ಇರಲಿ ಎಂದು ಹೋದರು. ಈಗ ನೋಡಲು ಬರುವವರು ಆ ತೂತಿನಲ್ಲಿ ಕೈಯಾಡಿಸಿ ಹೋಗುತ್ತಾರೆ. ಬಾಗಿಲಲ್ಲಿ ಹಾಕಿದ ಹೊಸ ಫಲಕದಲ್ಲಿ ಕಟ್ಟಿಸಿದವರ ಹೆಸರಿದೆ, ಉದ್ಘಾಟಿಸಿದವರ ಹೆಸರಿದೆ, ಬಾಷುಮಿಯಾ ಅವರದಿಲ್ಲ. ಅಂದು ಕಲ್ಲು ಹಿಡಿದು ನಿಂತವರಲ್ಲಿ ಇಬ್ಬರು ಇಂದಿನ ಸನ್ಮಾನ ಸಮಿತಿಯಲ್ಲಿದ್ದಾರೆ, ಶಾಲು ಹೊದಿಸುವವರೂ ಅವರೇ. ಆ ಇಬ್ಬರ ಹೆಸರು ಇಲ್ಲಿ ಬರೆಯಲು ಹೊರಟಾಗ ಬಾಷುಮಿಯಾ ಅವರೇ ಕೈ ಹಿಡಿದರು: "ಬ್ಯಾಡಪ್ಪ. ಅವರೂ ಅವತ್ತು ಅಂಜಿದ್ರು." ಅವರ ಮಾತಿಗೆ ಬರೆದಿಲ್ಲ. ನಮ್ಮ ಸಿಟ್ಟು ಇಳಿದು ಹೆಸರು ಬಿಟ್ಟದ್ದಲ್ಲ.

ಕಲ್ಲು ಮುಟ್ಟಿಸಿದ ಆ ದಿನದಿಂದ ಅವರು ಬೆಳಗಿನ ಬಾಗಿಲು ತೆರೆದ ಮೇಲೆ, ಯಾರನ್ನೂ ಒಳಬಿಡುವ ಮುಂಚೆ, ಬಿದ್ದರೆ ಮೊದಲು ತಮ್ಮ ಮೇಲೇ ಬೀಳಲಿ ಎಂಬಂತೆ, ತಾವೊಬ್ಬರೇ ಆ ಕಮಾನಿನ ಕೆಳಗೆ ಕೆಲಹೊತ್ತು ನಿಲ್ಲುತ್ತಾರೆ. ಎಂಟು ವರ್ಷದಲ್ಲಿ ಒಂದು ದಿನವೂ ತಪ್ಪಿಲ್ಲ. ನಿವೃತ್ತಿಯ ಕಾಗದ ಬಂದರೂ ದಯಮಾಡಿ ಗುಡ್ಡ ಹತ್ತುವುದನ್ನು ಬಿಡಬಾರದು, ಗಚ್ಚಿನ ಹದವನ್ನು ನಮಗೆ ಇನ್ನೂ ಕಲಿಸಬೇಕು ಎಂದು ಅವರ ಕೈಕೆಳಗಿನವರೆಲ್ಲರ ಪ್ರಾರ್ಥನೆ. ಆ ಕಮಾನು ನಿಂತಿರುವಷ್ಟು ಕಾಲ ಅವರು ಅಂಜಿಕೆಯಿಲ್ಲದೆ ಬಾಳಲಿ. ಕಮಾನಂತೂ ಬೀಳುವುದಿಲ್ಲ, ಅದರ ಬುಡಕ್ಕೆ ಕಲ್ಲಿಟ್ಟವರು ಅವರು.