ಪಂಚಮಿಗೆ ಹೊರಟ ಮೋಟಾರು

ನಿಮ್ಮ ಅಜ್ಜನಿಗೆ ‘ಗ್ಯಾರಂಟಿ’ ಎಂಬ ಮಾತಿನ ಮೇಲೆ ಬಹಳ ಪ್ರೀತಿ. ಮೋಟಾರು ಗಾಡಿ ಮನೆಗೆ ಬಂದ ವರ್ಷ ಆ ಮಾತನ್ನು ಅವರು ಉಪ್ಪಿನಕಾಯಿಯ ಹಾಗೆ ಎಲ್ಲದಕ್ಕೂ ಹಚ್ಚಿಕೊಳ್ಳುತ್ತಿದ್ದರು. ಮಳೆ ಬಂದೀತೇ ಎಂದು ಯಾರಾದರೂ ಕೇಳಿದರೆ "ಗ್ಯಾರಂಟಿ ಇಲ್ಲ" ಅನ್ನುವರು. ನಮ್ಮ ಅರಳೆ ಅಂಗಡಿಯ ಗುಮಾಸ್ತ ಸಂಜೆಗೆ ಬರುತ್ತೇನೆಂದರೆ "ಗ್ಯಾರಂಟಿ ಏನ?" ಅನ್ನುವರು. ಒಂದು ದಿನ ನಾನು ಬಡಿಸಿದ ಪಲ್ಯಕ್ಕೆ ಉಪ್ಪು ಸರಿಯಾಗಿದೆಯೇ ಎಂದು ತಿನ್ನುವ ಮೊದಲೇ ಅದೇ ಮಾತು ಕೇಳಿದರು. ನಾನು ಹೊಸದಾಗಿ ಮದುವೆಯಾಗಿ ಬಂದವಳು, ತಲೆ ತಗ್ಗಿಸಿ ಒಳಗೆ ಹೋದೆ. ಪಲ್ಯಕ್ಕೆ ಉಪ್ಪು ಹಾಕಿರಲೇ ಇಲ್ಲ.

ಆ ಮಾತು ಕೊಟ್ಟವರು ಹುಬ್ಬಳ್ಳಿಯಲ್ಲಿ ಮೋಟಾರು ಮಾರುವ ಕಂಪನಿಯವರು. ಒಂದು ವರ್ಷದ ಒಳಗೆ ಗಾಡಿಯದು ಏನೇ ಕೆಟ್ಟರೂ ನಾವೇ ನೋಡಿಕೊಳ್ಳುತ್ತೇವೆ, ಆದರೆ ಹೊರಗಿನ ಮಿಸ್ತ್ರಿಯ ಕೈ ಹತ್ತಿದರೆ ಗ್ಯಾರಂಟಿ ಹೋಯಿತು ಎಂದು ಅವರು ಹೇಳಿದ್ದರು. ಅಂದಿನಿಂದ ನಿಮ್ಮ ಅಜ್ಜ ಆ ಗಾಡಿಯನ್ನು ಬಾಣಂತಿ ಕೋಣೆಯಂತೆ ಕಾಯತೊಡಗಿದರು. ಕಮರಿಪೇಟೆಯ ನಮ್ಮ ಓಣಿಯಲ್ಲಿ ಯಾರಾದರೂ ಅದರ ಹತ್ತಿರ ನಿಂತು ಕೆಮ್ಮಿದರೂ ಕಟ್ಟೆಯಿಂದ ಎದ್ದು ಬರುವರು.

ಮಾವನವರು ನಾನು ಬರುವ ಮೊದಲೇ ತೀರಿಕೊಂಡಿದ್ದರು. ವ್ಯಾಪಾರ ನಿಮ್ಮ ಅಜ್ಜನದು, ಮನೆಯ ಲಗಾಮು ಅತ್ತೆಯವರದು. ಅವರ ಕಟ್ಟಳೆಗಳಲ್ಲಿ ಮೊದಲನೆಯದು, ಹಣೆಯಲ್ಲಿ ವಿಭೂತಿ ಇಲ್ಲದೆ ಆ ಮನೆಯಲ್ಲಿ ಯಾರೂ ತುತ್ತು ಮುಟ್ಟುವಂತಿರಲಿಲ್ಲ. ಮೋಟಾರು ಬಂದ ದಿನವೇ ಅವರು ಅದರ ಸುತ್ತ ಒಂದು ಸುತ್ತು ಬಂದು, "ಇದು ಏನ ಉಣ್ಣತೈತಿ, ಎಲ್ಲಿಂದ ಉಣ್ಣತೈತಿ?" ಎಂದು ಕೇಳಿದರು. ನಿಮ್ಮ ಅಜ್ಜ ಹಿಂದುಗಡೆ ಪೆಟ್ರೋಲು ಹಾಕುವ ಬಾಯಿಯನ್ನೂ ಅದರ ಮುಚ್ಚಳವನ್ನೂ ತೋರಿಸಿದರು.

"ಹಂಗಾರ ಇಭೂತಿ ಇಲ್ಲೇ ಮೊದಲ," ಅಂದರು ಅತ್ತೆಯವರು.

ಅಂದಿನಿಂದ ದಿನವೂ ಪೂಜೆ ಮುಗಿಸಿ ಬಂದು, ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇಯ್ದು, ಮುಂದಿನ ಎರಡು ದೀಪಗಳಿಗೆ ಮೂರು ಮೂರು ಬೆರಳು ಎಳೆದು, ಪೆಟ್ರೋಲು ಮುಚ್ಚಳಕ್ಕೆ ಮಾತ್ರ ಧಾರಾಳವಾಗಿ ಬಳಿಯುತ್ತಿದ್ದರು. ಉಣ್ಣುವ ಬಾಯಿ ಅಲ್ಲವೇ.

ಅದು ಮದುವೆಯಾದ ಮೇಲೆ ನನ್ನ ಮೊದಲ ನಾಗರಪಂಚಮಿ. ಪಂಚಮಿಗೆ ಹೆಣ್ಣುಮಗಳು ತವರಿಗೆ ಹೋಗದಿದ್ದರೆ ನಮ್ಮ ಕಡೆ ಜನ ಎರಡೂ ಮನೆಯವರನ್ನು ಆಡಿಕೊಳ್ಳುತ್ತಾರೆ. ನನ್ನ ತವರು ಧಾರವಾಡ ದಾಟಿ ಬೆಳಗಾವಿ ರಸ್ತೆಗೆ ಹತ್ತಿದ ಹಳ್ಳಿ. ದೀಪಾವಳಿಗೆ ಹೋಗಿ ಬಂದ ಮೇಲೆ ಅವ್ವನ ಮುಖ ನೋಡಿರಲಿಲ್ಲ. ಅಣ್ಣ ಬಂಡಿ ಕಟ್ಟಿಕೊಂಡು ಕರೆಯಲು ಬರುವುದು ರೂಢಿ. ಆದರೆ ಅತ್ತೆಯವರು ಮೊದಲೇ ಹೇಳಿ ಕಳಿಸಿಬಿಟ್ಟರು: "ಬಂಡಿ ತರಬ್ಯಾಡ್ರಿ. ನಮ್ಮ ಮೋಟಾರ ಬರತೈತಿ."

ಆ ಮೋಟಾರು ಊರೊಳಗೆ ಕುದುರೆಯ ಹಾಗೆ ಓಡುತ್ತಿತ್ತು. ಪೇಟೆಗೆ ಹೋಗಿ ಬರಲು ಒಂದು ದಿನವೂ ತಕರಾರು ಮಾಡಲಿಲ್ಲ. ಧಾರವಾಡಕ್ಕೆಂದು ಹೊರಟು ಉಣಕಲ್ಲು ಕೆರೆ ದಾಟಿ ಸ್ವಲ್ಪ ದೂರ ಹೋದರೆ ಸಾಕು, ಬಿಕ್ಕಿ ಬಿಕ್ಕಿ ನಿಂತುಬಿಡುವುದು. ಅರ್ಧ ತಾಸು ಬಿಟ್ಟರೆ ಏನೂ ಆಗದವರ ಹಾಗೆ ತಾನೇ ಹೊರಡುವುದು. ಆ ಅರ್ಧ ತಾಸು ನಿಮ್ಮ ಅಜ್ಜ ಮುಂದಿನ ಮುಚ್ಚಳ ಎತ್ತಿ, ಒಂದನ್ನು ಒರೆಸಿ, ಇನ್ನೊಂದನ್ನು ಊದಿ, ಮತ್ತೊಂದನ್ನು ತಟ್ಟುತ್ತಿದ್ದರು. ಏನು ಮಾಡುವಾಗ ಗಾಡಿ ಹೊರಟಿತೋ ಅದೇ ಅದರ ರೋಗವೆಂದು ತೀರ್ಮಾನ. ಒಂದು ಸಲ ತಂತಿ ಒರೆಸಿದಾಗ ಹೊರಟಿತು, "ತಂತೀದು" ಅಂದರು. ಇನ್ನೊಂದು ಸಲ ಅವರು ಸೀನಿದಾಗ ಹೊರಟಿತು. ಆಗ ಮಾತ್ರ ಏನೂ ಅನ್ನಲಿಲ್ಲ.

ನಾನು ಹಿಂದೆ ಸೆರಗು ಮುಖದ ಮೇಲೆ ಎಳೆದುಕೊಂಡು ಕೂತಿರುತ್ತಿದ್ದೆ. ದಾರಿಯಲ್ಲಿ ಹೋಗುವ ಬಂಡಿಯವರು ಸುಮ್ಮನೆ ಹೋಗುತ್ತಿರಲಿಲ್ಲ.

"ಸಾವಕಾರ್ರ, ಎತ್ತು ಬಿಚ್ಚಿ ಕೊಡ್ಲೇನ್ರಿ?"

"ನಿನ್ನ ಎತ್ತಿಗೆ ಗ್ಯಾರಂಟಿ ಐತೇನೋ?" ಎಂದರು ನಿಮ್ಮ ಅಜ್ಜ.

"ಇಲ್ರಿ. ಹುಲ್ಲು ಹಾಕಿದ್ರ ನಡೀತಾವ, ಅಷ್ಟ."

ನಿಮ್ಮ ಅಜ್ಜ ಗಾಡಿಯನ್ನು ಕಂಪನಿಗೆ ಒಯ್ದರು. ಅಲ್ಲಿ ಒಂದು ಪದ್ಧತಿ. ಯಾವ ಗಾಡಿ ಒಳಗೆ ಬಂದರೂ ಮೊದಲು ಅದಕ್ಕೆ ತಲೆಯಿಂದ ಕಾಲವರೆಗೆ ಸ್ನಾನ. ಆಮೇಲೆ ಮ್ಯಾನೇಜರು ತಾವೇ ಓಡಿಸಿ ನೋಡುವುದು. ಮ್ಯಾನೇಜರು ಪುಣೆಯ ಕಡೆಯವರು, ಇಸ್ತ್ರಿ ಮಾಡಿದ ಕೋಟು, ತಲೆಗೆ ಹ್ಯಾಟು. ಅವರು ಗಾಡಿಯನ್ನು ಅಮರಗೋಳದ ಆಚೆಯವರೆಗೆ ಓಡಿಸಿಕೊಂಡು ಹೋಗಿ ಬಂದರು. ಅದು ಎಲ್ಲಿಯೂ ನಿಲ್ಲಲಿಲ್ಲ.

"ಗಾಡಿ ಛಲೋ ಅದರೀ," ಎಂದರಂತೆ. "ಗ್ಯಾರಂಟಿ ಅಂದ್ರ ಕೆಟ್ಟದ್ದನ್ನ ರಿಪೇರಿ ಮಾಡೂದು. ಕೆಡದೇ ಇದ್ದದ್ದನ್ನ ಹೆಂಗ ರಿಪೇರಿ ಮಾಡಲಿ?"

ಮನೆಗೆ ಬಂತು, ಮರುದಿನ ವಿಭೂತಿ ಧರಿಸಿತು, ವಾರದೊಳಗೆ ಉಣಕಲ್ಲಿನ ಆಚೆ ಮತ್ತೆ ನಿಂತಿತು. ಎರಡನೆಯ ಸಲ ಒಯ್ದರು. ಮತ್ತೆ ಸ್ನಾನ, ಮತ್ತೆ ಅಮರಗೋಳ, ಮತ್ತೆ "ಛಲೋ ಅದರೀ." ಈ ಸಲ ಮ್ಯಾನೇಜರು ಇನ್ನೊಂದು ಮಾತು ಸೇರಿಸಿದರು: "ಹಿಂದ ಕೂಡೂ ಮಂದಿ ಭಾರ ಸ್ವಲ್ಪ ಜಾಸ್ತಿ ಇರಬೇಕು ನೋಡ್ರಿ."

ನಿಮ್ಮ ಅಜ್ಜ ಬುದ್ಧಿ ಇಲ್ಲದೆ ಅದನ್ನು ಹಾಗೆಯೇ ಮನೆಯಲ್ಲಿ ಹೇಳಿದರು. ಅತ್ತೆಯವರು ಜೋಳ ಹಸನು ಮಾಡುತ್ತಿದ್ದ ಮೊರ ಕೆಳಗಿಟ್ಟರು.

"ಯಾರ ಭಾರ?"

"ಹಿಂದ ಕೂಡವರದು ಅಂದ ಯವ್ವಾ."

"ಹಿಂದ ಯಾರ ಕೂಡ್ತೀವಿ?"

ನಿಮ್ಮ ಅಜ್ಜ ನನ್ನ ಕಡೆ ನೋಡಿದರು. ನಾನು ಆಗ ಜೋಳದ ದಂಟಿನಷ್ಟು ತೆಳ್ಳಗಿದ್ದೆ. ಅತ್ತೆಯವರಿಗೆ ಲೆಕ್ಕ ತಿಳಿಯಿತು.

"ಜ್ವರ ಬಂದವರನ್ನ ವೈದ್ಯರ ಮನೀಗೆ ಒಯ್ದ್ರ, ಹೋಗೂದ್ರಾಗ ಜ್ವರ ಇಳದಿರತೈತಿ," ಎಂದರು. "ವೈದ್ಯನ್ನ ಇಲ್ಲೇ ಕರಕೊಂಡ ಬಾ. ರೊಟ್ಟಿ ಹಬ್ಬದ ದಿನಾ ನಮ್ಮ ಜೋಡಿ ಅವನೂ ಕೂಡಲಿ. ನನ್ನ ಭಾರ ಅವನೂ ನೋಡಲಿ. ಮೋಟಾರ ಹೋದ್ರ ಹೋಗೂದು, ಇಲ್ಲಂದ್ರ ಈ ಸಲ ಹಬ್ಬ ಇಲ್ಲೇ. ಮೋಟಾರ ಬರತೈತಿ ಅಂತ ಹೇಳಿ ಕಳಿಸಿದ ಮ್ಯಾಲ ರೈಲಿನ್ಯಾಗ ಹೋಗಿ ಇಳದ್ರ ನಾಲ್ಕು ಮಂದಿ ನಗೂದಿಲ್ಲೇನು?"

ರೊಟ್ಟಿ ಹಬ್ಬವೆಂದರೆ ಪಂಚಮಿಯ ಹಿಂದಿನ ದಿನ. ಅಂದು ಹೊರಡದಿದ್ದರೆ ಮರುದಿನ ಅಣ್ಣನ ಜೊತೆ ನಾಗಪ್ಪನಿಗೆ ಹಾಲು ಎರೆಯುವುದು ತಪ್ಪಿತು. ನಾನು ಅಡಿಗೆ ಮನೆಗೆ ಹೋಗಿ ಆರಿದ ಒಲೆಯನ್ನು ಊದುತ್ತ ಕೂತೆ. ಕಣ್ಣಲ್ಲಿ ನೀರು ಬಂದರೆ ಹೊಗೆ ಎಂದು ಹೇಳಬಹುದಾಗಿತ್ತು, ಆದರೆ ಒಲೆಯಲ್ಲಿ ಬೆಂಕಿಯೇ ಇರಲಿಲ್ಲ.

ಮ್ಯಾನೇಜರು ಬರುವುದಿಲ್ಲ ಎಂದುಕೊಂಡಿದ್ದೆ. ರೊಟ್ಟಿ ಹಬ್ಬದ ಬೆಳಿಗ್ಗೆ ಬಂದರು, ಹ್ಯಾಟಿನ ಸಮೇತ. ಅತ್ತೆಯವರು ಅವರನ್ನು ಕೂಡಿಸಿ, ಖಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಬಡಿಸಿ, ಅವರು ಕೈ ಹಾಕುವ ಮೊದಲು ವಿಭೂತಿಯ ಬಟ್ಟಲನ್ನು ಮುಂದೆ ಹಿಡಿದರು. ಅವರು ಹ್ಯಾಟು ತೆಗೆದು ಹಣೆಗೆ ಹಚ್ಚಿಕೊಂಡರು. ಅದೇ ಬಟ್ಟಲು ಹಿಡಿದು ಅತ್ತೆಯವರು ಮೋಟಾರಿನ ಹಿಂದೆ ಹೋದರು. ಹಬ್ಬದ ದಿನವೆಂದು ಆ ಮುಚ್ಚಳಕ್ಕೆ ಎಂದಿಗಿಂತ ಹೆಚ್ಚಾಗಿಯೇ ಬಳಿದರು. ಮ್ಯಾನೇಜರು ಬಾಯಿ ತುಂಬ ರೊಟ್ಟಿ ಇಟ್ಟುಕೊಂಡು ಅದನ್ನೇ ನೋಡುತ್ತಿದ್ದರು.

ಮುಂದೆ ನಿಮ್ಮ ಅಜ್ಜ ಮತ್ತು ಮ್ಯಾನೇಜರು. ಹಿಂದೆ ಅತ್ತೆಯವರು, ನಾನು, ರೊಟ್ಟಿಯ ಗಂಟುಗಳು. ಉಣಕಲ್ಲು ದಾಟಿತು. ಗಾಡಿ ಓಡಿತು. ನಿಮ್ಮ ಅಜ್ಜನ ಮುಖ ಸಣ್ಣದಾಯಿತು. ಈಗ ಓಡಿದರೆ ಅವರು ಸುಳ್ಳರಾಗುತ್ತಿದ್ದರು, ನಿಂತರೆ ನನ್ನ ಹಬ್ಬ ಹೋಗುತ್ತಿತ್ತು. ಅವರು ನಿಲ್ಲಲಿ ಎಂದು ಬೇಡಿಕೊಂಡಿರಬೇಕು, ನಾನು ಓಡಲಿ ಎಂದು ಬೇಡಿಕೊಂಡೆ. ಅಮರಗೋಳ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಗಾಡಿ ಬಿಕ್ಕಿತು. ದೇವರು ಅವರ ಮಾತು ಕೇಳಿದ್ದ.

"ನೋಡ್ರಿ," ಎಂದರು ನಿಮ್ಮ ಅಜ್ಜ, ಬಹಳ ಸಂತೋಷದಿಂದ.

ಮ್ಯಾನೇಜರು ಕೋಟು ಬಿಚ್ಚಿ, ಮುಂದಿನ ಮುಚ್ಚಳ ಎತ್ತಿ, ತಂತಿ ನೋಡಿದರು, ಕೊಳವೆ ನೋಡಿದರು. ಅತ್ತೆಯವರು ಕೆಳಗಿಳಿದು ಪಕ್ಕದಲ್ಲಿ ನಿಂತರು.

"ತೊಳೀತೀರೇನ್ರಿ? ಹಳ್ಳ ಇಲ್ಲೇ ಐತಿ."

ಅವರು ಇನ್ನೊಂದು ತಂತಿ ಜಗ್ಗಿ ನೋಡಿದರು.

"ಅದಕ್ಕ ಹಸಿವಾಗಿರಬೇಕ್ರಿ. ನೀವರೆ ಉಂಡ್ರಿ, ಅದು ಉಪಾಸ ಐತಿ."

"ಹೊಟ್ಟಿ ತುಂಬ ಪೆಟ್ರೋಲ್ ಅದರೀ ಅವ್ವಾರ. ಬೇಕಾರ ಕಣ್ಣಲೆ ನೋಡ್ರಿ," ಎನ್ನುತ್ತ ಅವರು ಹಿಂದೆ ಬಂದು, ಮುಚ್ಚಳ ಹಿಡಿದು ತಿರುವಿದರು. ಒಳಗಿಂದ ‘ಸುಂಯ್’ ಎಂದು ಶಬ್ದ ಬಂತು. ಬಹಳ ಹೊತ್ತು ಅತ್ತ ಕೂಸು ಉಸಿರು ಒಳಗೆ ಎಳೆದುಕೊಂಡ ಹಾಗೆ. ಮ್ಯಾನೇಜರು ಮುಚ್ಚಳವನ್ನು ಕೈಯಲ್ಲೇ ತಿರುಗಿಸಿ ನೋಡಿದರು. ಆಮೇಲೆ ನಿಮ್ಮ ಅಜ್ಜನಿಗೆ, "ಸಾವಕಾರ್ರ, ಚಾಲೂ ಮಾಡ್ರಿ," ಎಂದರು. ಸ್ವಲ್ಪ ಗೊಣಗಿ ಗಾಡಿ ಚಾಲೂ ಆಯಿತು.

ಅವರು ಉಗುರಿನಿಂದ ಮುಚ್ಚಳವನ್ನು ಕೆರೆದರು. ವಿಭೂತಿ ಪದರ ಪದರವಾಗಿ ಎದ್ದಿತು. ಅದರ ಕೆಳಗೆ ಎಳ್ಳಿಗಿಂತ ಸಣ್ಣದೊಂದು ತೂತು.

"ಒಳಗಿನ ಪೆಟ್ರೋಲ್ ಖರ್ಚಾದಂಗ ಇಲ್ಲಿಂದ ಗಾಳಿ ಒಳಗ ಹೋಗಬೇಕ್ರಿ. ಹೋಗಲಿಲ್ಲಂದ್ರ ಪೆಟ್ರೋಲ್ ಮುಂದ ಬರೂದಿಲ್ಲ. ಇದು ಅದರ ಮೂಗು ಇದ್ದಂಗ. ನಮ್ಮಲ್ಲಿ ತೊಳದ ಕೂಡ್ಲೆ ತೆರೀತಿತ್ತು." ಆಮೇಲೆ ಧೈರ್ಯ ತಂದುಕೊಂಡು, "ಇದು ಕಂಪನೀ ತಪ್ಪಲ್ಲ. ಗ್ಯಾರಂಟಿಯೊಳಗ ಇಭೂತಿ ಬರೂದಿಲ್ರಿ," ಎಂದರು.

"ಎರಡ ಸಲ ತೊಳದು ರೋಗಾನ ಮುಚ್ಚಿಟ್ಟವರು ಯಾರು?" ಎಂದರು ನಿಮ್ಮ ಅಜ್ಜ. "ನಮ್ಮವ್ವನ ಭಾರದ ಮ್ಯಾಲ ಹಾಕಿದವರು ಯಾರು?"

ಅತ್ತೆಯವರು ಇಬ್ಬರನ್ನೂ ಸುಮ್ಮನಿರಿಸಿದರು. ಅವರಿಗೆ ಬೇಸರವಾಗಿತ್ತೆಂದು ನನಗೆ ಗೊತ್ತಾಯಿತು. ದಿನವೂ ಅಷ್ಟು ಭಕ್ತಿಯಿಂದ ಹಚ್ಚಿದ್ದರು. ಬೆರಳಿನಿಂದ ಆ ತೂತನ್ನು ಮುಟ್ಟಿ ನೋಡಿದರು.

"ಮೂಗು ತಂದು ಬಾಯಿ ಮುಚ್ಚಳದಾಗ ಇಟ್ಟವರು ಯಾರ್ರಿ? ನಾವೇನ?" ಎಂದು ಮ್ಯಾನೇಜರನ್ನು ಕೇಳಿದರು.

"ಅದು ಕಂಪನೀದವರ ಇಟ್ಟಾರ್ರಿ."

"ಹಂಗಾರ ಆತಲ್ಲ."

ಅತ್ತೆಯವರು ಸೊಂಟದ ಸಂಚಿಯಿಂದ ವಿಭೂತಿ ತೆಗೆದು, ಹಳ್ಳದ ನೀರಿನಲ್ಲಿ ಬೆರಳು ಅದ್ದಿ, ಮುಚ್ಚಳದ ಕೆಳಗೆ ತಗಡಿನ ಮೇಲೆ ಮೂರು ಗೆರೆ ಎಳೆದರು. "ಗದ್ದಕ್ಕ ಹಚ್ಚಿದ್ರ ನಡೀತೈತೇನ್ರಿ?" ಎಂದು ಕೇಳಿದರು. ಮ್ಯಾನೇಜರು ಬಗ್ಗಿ ಸರಿಯಾಗಿ ನೋಡಿ, ನಡೆಯುತ್ತದೆ ಎಂದು ತಲೆಯಾಡಿಸಿದರು.

ಸತ್ತೂರ ದಾಟುವವರೆಗೆ ಎಲ್ಲರೂ ಗಾಡಿಯ ಉಸಿರು ಕೇಳುತ್ತಿದ್ದೆವು. ಮ್ಯಾನೇಜರನ್ನು ರೈಲಿಗೆಂದು ಧಾರವಾಡದ ಸ್ಟೇಷನ್ನಿನಲ್ಲಿ ಇಳಿಸುವಾಗ ಅತ್ತೆಯವರು ಒಂದು ಗಂಟು ರೊಟ್ಟಿ ಅವರ ಕೈಗೆ ಕೊಟ್ಟರು.

"ಇದಕ್ಕ ಗ್ಯಾರಂಟಿ ಎಷ್ಟರೀ ಅವ್ವಾರ?" ಎಂದು ಅವರು ನಗುತ್ತ ಕೇಳಿದರು.

"ತಿಂಗಳಾದ್ರೂ ಕೆಡೂದಿಲ್ಲ. ನೀವು ತೊಳೀಬ್ಯಾಡ್ರಿ, ಅಷ್ಟ."

ನನ್ನ ತವರೂರಿನ ಅಗಸೆ ಬಾಗಿಲಿಗೆ ಬರುವಾಗ ಮಧ್ಯಾಹ್ನ ಹೊರಳಿತ್ತು. ಮನೆಯ ಮುಂದೆ ಗಂಡಸರು ಮೋಟಾರಿನ ಸುತ್ತ ಕೂಡಿದರು. ನಿಮ್ಮ ಅಜ್ಜ ಮುಚ್ಚಳ ಬಿಚ್ಚಿ ತೂತು ತೋರಿಸಿ, ಇದನ್ನು ಕಂಡುಹಿಡಿಯಲು ತಾವು ಎಷ್ಟು ಕಷ್ಟಪಟ್ಟೆವೆಂದು ಹೇಳತೊಡಗಿದರು. ಅತ್ತೆಯವರು ಕಟ್ಟೆಯ ಮೇಲೆ ಕಾಲು ಚಾಚಿ ಕೂತು ಅದನ್ನೆಲ್ಲ ಕೇಳಿಸಿಕೊಳ್ಳುತ್ತ, ಒಮ್ಮೆಯೂ ತಿದ್ದಲಿಲ್ಲ.

ನಾನು ಒಳಗೆ ಹೋದೆ. ಅವ್ವ ಉಳಿದ ಉಂಡಿಗಳನ್ನೆಲ್ಲ ಕಟ್ಟಿ ಮುಗಿಸಿ, ಎಳ್ಳಿನದು ಮಾತ್ರ ಬಾಕಿ ಇಟ್ಟುಕೊಂಡು ಒಲೆಯ ಮುಂದೆ ಕೂತಿದ್ದಳು. ಬೆಲ್ಲದ ಪಾಕ ಗಟ್ಟಿಯಾಗುತ್ತ ಬಂದಿತ್ತು.

"ಮೋಟಾರ ಅಂದ್ರ ಲಗೂ ಬರತೈತಿ ಅಂದಿದ್ರು," ಎಂದಳು, ತಲೆ ಎತ್ತದೆ.

"ಬಂದ್ನಲ್ಲ ಬೇ ಯವ್ವಾ."

ಅವಳು ಪಕ್ಕಕ್ಕೆ ಸರಿದು ಜಾಗ ಬಿಟ್ಟಳು. ನಾನು ಕೈ ತೊಳೆದು ಬಂದು, ಬಿಸಿ ಇರುವಾಗಲೇ ಎಳ್ಳುಂಡಿ ಕಟ್ಟಲು ಕೂತೆ.