ನಲ್ಲಿ ಬರ್ತಿಲ್ಲ ಅಂದಿದ್ದ ನನ್ನ ತಮ್ಮ

ಹೋದ ವರ್ಷ ಗೌರಿ ಹಬ್ಬಕ್ಕೆ ಇನ್ನೂ ನಾಲ್ಕು ದಿನವಿತ್ತು. ತಮ್ಮ ಮಂಜುವನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಅವನಿಗೆ ಇಪ್ಪತ್ತು ವರ್ಷದಿಂದ ಸ್ಕಿಜೋಫ್ರೇನಿಯಾ. ಅಮ್ಮ ತೀರಿಕೊಂಡ ಮೇಲೆ ಚಾಮರಾಜಪೇಟೆಯ ಮನೆಯಲ್ಲಿ ನಾವಿಬ್ಬರೇ. ನನ್ನ ಬಾಯಿ ಸ್ವಲ್ಪ ಜೋರು, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಅಲ್ಲಿ ಒಂದು ಅಧ್ಯಯನ ನಡೆಯುತ್ತಿತ್ತು. ಈ ಕಾಯಿಲೆಯವರ ಮಾತನ್ನು ರೆಕಾರ್ಡ್ ಮಾಡಿ ಕಂಪ್ಯೂಟರಿಗೆ ಕೊಡುತ್ತಾರೆ. ಒಂದು ಮಾತಿಗೂ ಮುಂದಿನ ಮಾತಿಗೂ ಎಲ್ಲಿ ಕೊಂಡಿ ತಪ್ಪುತ್ತದೆ ಎಂದು ಅದು ತಾನೇ ಕಲಿತು ಗುರುತಿಸುತ್ತದಂತೆ. ಅಧ್ಯಯನದ ಹುಡುಗಿ ಸಂತೆಯ ಚಿತ್ರವೊಂದನ್ನು ಮುಂದಿಟ್ಟು, ಏನು ಕಾಣುತ್ತದೋ ಹೇಳಿ ಅಂದಳು. ಮಂಜು ತಕ್ಕಡಿ, ಬದನೆಕಾಯಿ, ಕೊಡೆ ಎಂದು ಚೆನ್ನಾಗಿಯೇ ಶುರುಮಾಡಿದ. ಆಮೇಲೆ ನನ್ನ ಕಡೆ ತಿರುಗಿದ.

"ಅಕ್ಕಾ, ನಲ್ಲಿ ಬರ್ತಿಲ್ಲ ಕಣೇ. ನಿನ್ನೆಯಿಂದ ಬರ್ತಿಲ್ಲ."

"ಬೆಳಿಗ್ಗೆ ಎರಡು ಡ್ರಮ್ ತುಂಬಿದೀನಿ. ಸುಮ್ನೆ ಚಿತ್ರ ನೋಡೋ," ಅಂದೆ. ಹುಡುಗಿಯ ಮುಂದೆ ನನಗೆ ನಾಚಿಕೆಯಾಗಿತ್ತು. ಅವನು ಇನ್ನೆರಡು ಸಲ ಅದನ್ನೇ ಹೇಳಿ ಸುಮ್ಮನಾದ.

ಮಾರನೇ ದಿನ ಮಧ್ಯಾಹ್ನ ಬಚ್ಚಲ ಬಾಗಿಲಲ್ಲಿ ಕುಸಿದು ಬಿದ್ದಿದ್ದ. ಹೊಟ್ಟೆ ಕಲ್ಲಿನ ಹಾಗಿತ್ತು. ಆಟೋದಲ್ಲಿ ಹಾಕಿಕೊಂಡು ಓಡಿದೆ. ಮೂತ್ರ ಕಟ್ಟಿದೆ, ಮಾತ್ರೆಗಳಿಂದ ಹೀಗಾಗುವುದುಂಟು, ಬಹಳ ದಿನದಿಂದಲೇ ಸರಿಯಾಗಿ ಹೋಗುತ್ತಿರಲಿಲ್ಲ ಅನ್ನಿಸುತ್ತದೆ ಎಂದರು ಡಾಕ್ಟರು. "ಅವರು ನಿಮ್ಗೆ ಏನೂ ಹೇಳ್ಲಿಲ್ವಾ?"

ಆಗ ನೆನಪಾಯಿತು. ಚಿಕ್ಕವರಿದ್ದಾಗ ನಾವಿದ್ದದ್ದು ವಠಾರದಲ್ಲಿ. ನಾಲ್ಕು ಜನರ ಮುಂದೆ 'ಒಂದಕ್ಕೆ' ಅಂದರೂ ಅಮ್ಮನಿಗೆ ಆಗುತ್ತಿರಲಿಲ್ಲ. "ನಲ್ಲಿ ಬರ್ತಿದೆ ಅನ್ನಿ, ನಂಗೆ ಗೊತ್ತಾಗತ್ತೆ," ಎಂದು ನಮ್ಮಿಬ್ಬರಿಗೂ ಕಲಿಸಿದ್ದಳು. ಆ ದಿನ ಎದುರಿಗೆ ಪರಿಚಯವಿಲ್ಲದ ಹುಡುಗಿ ಕೂತಿದ್ದಳಲ್ಲ. ನಲವತ್ತೆರಡು ವರ್ಷದ ನನ್ನ ತಮ್ಮ ಮರ್ಯಾದೆ ಬಿಡದೆ, ಸರಿಯಾಗಿಯೇ ಹೇಳಿದ್ದ.

ಜೀವ ಉಳಿಯಿತು. ಕಿಡ್ನಿ ಉಳಿಯಲಿಲ್ಲ. ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುತ್ತೇನೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಈಗ ಅವನು ನನ್ನ ಹತ್ತಿರ ಏನೂ ಹೇಳುವುದಿಲ್ಲ, ಕೇಳಿದರೆ ತಲೆಯಾಡಿಸುತ್ತಾನೆ ಅಷ್ಟೆ.

ದೀಪಾವಳಿ ಕಳೆದ ಮೇಲೆ ಆ ಹುಡುಗಿ ಸಿಕ್ಕಳು. ಮಂಜು ಆಡಿದ್ದನ್ನು ಬರೆದ ಹಾಳೆ ತೋರಿಸು ಅಂದೆ. ಕೊಂಡಿ ತಪ್ಪಿದ ಮಾತುಗಳಿಗೆ ಕಂಪ್ಯೂಟರ್ ಕೆಂಪು ಬಣ್ಣ ಹಚ್ಚಿತ್ತು. 'ನಲ್ಲಿ ಬರ್ತಿಲ್ಲ' ಎಂದಿದ್ದ ಮೂರೂ ಕಡೆ ಕೆಂಪು. ನಾನು ವಿಷಯ ಹೇಳಿದೆ. ಅವಳು ಆ ಮೂರು ಸಾಲುಗಳನ್ನು ಬೆರಳಿಟ್ಟು ಮತ್ತೆ ಓದಿದಳು.

"ಕಂಪ್ಯೂಟರ್‌ಗೆ ಇದು ಗೊತ್ತಾಗೋ ಹಾಗಿರ್ಲಿಲ್ಲ ಆಂಟಿ," ಅಂದಳು.

ನಿಜ. ಅದಕ್ಕೆ ನಮ್ಮಮ್ಮ ಹೇಳಿಕೊಟ್ಟಿರಲಿಲ್ಲ. ನನಗೆ ಹೇಳಿಕೊಟ್ಟಿದ್ದಳು.